ನೋವಿಗೆ ಯಾವ ಭಾಷೆ?

ಮರಳೂರಿನಿಂದ ತುಮಕೂರಿನ ಪೇಟೆಗೆ ಬರುವಷ್ಟರಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು, ತಮಿಳು ನನ್ನ ಕಿವಿಗೆ ಬೀಳುತ್ತವೆ. ವ್ಯಾಪಾರಕ್ಕೆ ಇದರಿಂದ ಅಡ್ಡಿಯಿಲ್ಲ; ಬೆಲೆಯನ್ನು ಬೆರಳೆಣಿಸಿಯೂ ಹೇಳಬಹುದು. ನೋವು ಹಾಗಲ್ಲ. ಬೆರಳು ನೋವಿನ ಜಾಗವನ್ನು ತೋರಿಸೀತು. ಅದು ಛಳುಕೋ, ಉರಿಯೋ, ಸೆಳೆತವೋ ಎಂದು ಹೇಳಲು ತಾಯಿನುಡಿಯೇ ಬೇಕು.

ಉರ್ದು ಮಾತ್ರ ಬಲ್ಲ ತಾಯಿಯೊಬ್ಬಳು ಶಾಲೆಗೆ ಹೋಗುವ ಮಗನನ್ನು ದುಭಾಷಿಯಾಗಿ ಕರೆತಂದಳೆನ್ನೋಣ. ಮುಟ್ಟಿನ ತೊಂದರೆಯನ್ನು ಅವನ ಬಾಯಲ್ಲಿ ಹೇಳಿಸಿಯಾಳೆ? ಹೇಳದೆ ಉಳಿದ ಮಾತಿನಲ್ಲೇ ರೋಗ ಅಡಗಿರಬಹುದು.

2022ರ ನವೆಂಬರಿನಲ್ಲಿ ತಮಿಳುನಾಡಿನ ಗರ್ಭಿಣಿಯೊಬ್ಬಳನ್ನು, ತಾಯಿ ಕಾರ್ಡು ಇಲ್ಲವೆಂದು ತುಮಕೂರು ಜಿಲ್ಲಾಸ್ಪತ್ರೆ ಸೇರಿಸಿಕೊಳ್ಳಲಿಲ್ಲವೆಂಬ ದೂರು ಎದ್ದಿತು. ಆಕೆಯೂ ಅವಳಿ ಶಿಶುಗಳೂ ಮನೆಯಲ್ಲಿ ತೀರಿಕೊಂಡರು. ವೈದ್ಯೆ, ದಾದಿಯರು ಅಮಾನತಾದರು. ಅಲ್ಲಿ ಅಡ್ಡ ಬಂದದ್ದು ಕಾಗದವೆಂಬುದು ದೂರು. ಆದರೆ ಕಾಗದವಿಲ್ಲದವರಿಗೆ ಉಳಿಯುವುದು ಮಾತೊಂದೇ, ಅದೂ ಪರಭಾಷೆಯಾದರೆ?

‘ಇಲ್ಲಿ ಬಾಳುವವರು ಕನ್ನಡ ಕಲಿಯಬೇಡವೆ?’ ಎಂದು ಓದುಗರು ಕೇಳಬಹುದು. ಕಲಿಯಲೇಬೇಕು, ನಾನೂ ಹಾಗೆನ್ನುವವನೇ. ಆದರೆ ಜ್ವರದ ಮಂಚ ಪಾಠಶಾಲೆಯಲ್ಲ. ಕನ್ನಡಿಗನ ಕೈಗೆ ಬರುವ ಔಷಧದ ಚೀಟಿಯೂ ಸಾಮಾನ್ಯವಾಗಿ ಇಂಗ್ಲಿಷಿನದೇ ಅಲ್ಲವೆ? ಓದಲಾರದ ಒಪ್ಪಿಗೆಪತ್ರಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೆ? ಈ ಅನ್ಯಾಯ ನಮಗೂ ಗೊತ್ತಿರುವುದರಿಂದಲೇ ಇನ್ನೊಬ್ಬರ ಪಾಡು ನಮಗೆ ಬೇಗ ತಿಳಿಯಬೇಕು.

ರೋಗಿ ಮತ್ತು ವೈದ್ಯರ ನಡುವೆ ಹಳ್ಳವಿದ್ದರೆ ಅದನ್ನು ದಾಟಿ ಬರಬೇಕಾದವರು ಕಾಲು ಗಟ್ಟಿಯಿರುವವರು. ಆಸ್ಪತ್ರೆಯಲ್ಲಿ ಉರ್ದು, ತೆಲುಗು, ತಮಿಳು ಬಲ್ಲ ಒಬ್ಬಿಬ್ಬರು ದಾದಿಯರಿದ್ದರೆ ಕನ್ನಡವೇನೂ ಸೊರಗದು. ‘ಎಲ್ಲಿ ನೋವಮ್ಮ?’ ಎಂದು ಅವಳ ನುಡಿಯಲ್ಲೇ ಕೇಳಿಸಿಕೊಂಡವಳು ನಾಳೆ ಕನ್ನಡವನ್ನು ಅಂಜಿಕೆಯಿಂದಲ್ಲ, ಅಕ್ಕರೆಯಿಂದ ಕಲಿತಾಳು.