ಹಂಚಿನ ಅಳತೆ

ಗೊಳಸಂಗಿಯ ನಮ್ಮ ಸೋದರತ್ತೆಯ ಅಡಿಗೆಮನೆಯಲ್ಲಿ ಬಹಳ ಹಿಂದೆ ಒಂದು ಹೊಗೆಯಿಲ್ಲದ ಒಲೆ ಇತ್ತು. ಇತ್ತು ಎಂದರೆ, ಮೂಲೆಯಲ್ಲಿತ್ತು. ಅದರ ಮೇಲೆ ಕುಳ್ಳು ಒಟ್ಟಿರುತ್ತಿದ್ದರು. ಪಕ್ಕದಲ್ಲಿ ಹಳೆಯ ಮಣ್ಣಿನ ಒಲೆ ಹೊಗೆಯಾಡುತ್ತಿತ್ತು. ಪಟ್ಟಣದಲ್ಲಿ ಗ್ಯಾಸಿನ ಮುಂದೆ ನಿಂತು ಅಡಿಗೆ ಮಾಡುವ ನಾನು ಕಣ್ಣೊರೆಸಿಕೊಳ್ಳುತ್ತ, “ಅತ್ತಿ, ಅಂಥಾ ಛಲೋ ಒಲಿ ಬಿಟ್ಟು ಇದರ ಮುಂದ ಯಾಕ ಕಣ್ಣ ಕಳಕೋತೀರಿ?” ಎಂದು ಕೇಳಿದ್ದೆ.

ಅತ್ತೆ ಹಂಚಿನ ಮೇಲಿನ ಜೋಳದ ರೊಟ್ಟಿ ತೆಗೆದು ಒಲೆಯ ಬಾಯಿಗೆ ಆನಿಸಿ ನಿಲ್ಲಿಸಿದರು. ಕೆಂಡದ ಕಾವಿಗೆ ಅದು ಉಬ್ಬಿ ಬಂತು. “ಆ ಒಲಿಯಾಗ ಇದನ್ನ ಎಲ್ಲಿ ನಿಲ್ಲಸ್ಲಿ ತಂಗಿ? ಅದರ ಮ್ಯಾಲ ನನ್ನ ಹಂಚೂ ಕೂಡೂದಿಲ್ಲ. ಹಾಕಾಕ ಬಂದ ಹುಡುಗ್ರು ಅನ್ನಾ ಉಣ್ಣೋ ಸೀಮ್ಯಾವ್ರು ಕಾಣತಾರ” ಎಂದು ನಕ್ಕರು.

ಒಲೆ ಹಾಕಿದವರ ಕಾಗದದಲ್ಲಿ ಅತ್ತೆಯ ಹೆಸರು ‘ಫಲಾನುಭವಿ’ ಎಂದೇ ಉಳಿದಿರಬೇಕು.

ಈ ಒಲೆ ಮತ್ತೆ ನೆನಪಾದದ್ದು ನನ್ನ ತಮ್ಮನ ಮಗಳಿಂದ. ಇಂಜಿನಿಯರಿಂಗ್ ಮುಗಿಸಿರುವ ಅವಳು ಜೊತೆಗಾರರನ್ನು ಸೇರಿಸಿ ಒಂದು ಬಳಗ ಕಟ್ಟಬೇಕೆಂದಿದ್ದಾಳೆ. ತಾವು ಕಲಿತ ವಿದ್ಯೆ ಬರಿಯ ಸಂಬಳಕ್ಕಲ್ಲ, ಇಲ್ಲದವರ ನೀರು, ನೆರಳು, ಬೆಳಕಿಗೂ ಸಲ್ಲಬೇಕೆಂದು ಅವಳ ಆಸೆ. ಕೇಳಿ ಹೆಮ್ಮೆಯಾಯಿತು. ಆದರೂ ಕೇಳಿದೆ: “ನಿಮ್ಮ ಬಳಗದಾಗ ಯಾರ್ಯಾರು ಇರ್ತೀರಿ?”

“ಎಲ್ಲಾ ಇಂಜಿನಿಯರೇ, ಅತ್ತಿ.”

ಹಾಗಾದರೆ ಇಂಜಿನಿಯರು ಯಾರು? ಎಳೆ ಬಿಸಿಲಲ್ಲಿ ಗೋಡೆಯ ಓರೆ ಕಣ್ಣಳತೆಯಲ್ಲೇ ಹೇಳುವ ಗೌಂಡಿ? ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್? ರೊಟ್ಟಿ ಉಬ್ಬುವ ಹಾಗೆ ಮಣ್ಣು ಮೆತ್ತಿ ಒಲೆಯ ಬಾಯಿ ಮಾಡಿಕೊಂಡ ಅತ್ತೆ? ನಾವು ಯೋಗ್ಯತೆಯನ್ನು ಸರ್ಟಿಫಿಕೇಟಿನಲ್ಲಿ ಅಳೆಯುತ್ತೇವೆ. ಕನ್ನಂಬಾಡಿ ಕಟ್ಟಿದ ವಿಶ್ವೇಶ್ವರಯ್ಯನವರಿಗೆ ನಾವೆಲ್ಲ ಕೈಮುಗಿಯುತ್ತೇವೆ. ಆದರೆ 1918ರಲ್ಲಿ ಮೈಸೂರು ಸರ್ಕಾರದ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಮಾತು ಎದ್ದಾಗ ಅದನ್ನು ಒಪ್ಪದೆ ದಿವಾನಗಿರಿ ಬಿಟ್ಟವರೂ ಅವರೇ. ನೀರನ್ನು ಎಲ್ಲರಿಗೂ ಹರಿಸಿದ ದೊಡ್ಡವರಿಗೂ ಕುರ್ಚಿಯನ್ನು ಹಂಚುವುದು ಕಠಿಣವಾಯಿತು.

ಹಾಗೆಂದು ‘ಜನ ಹೇಳಿದ್ದೇ ಸರಿ’ ಎಂದುಬಿಟ್ಟರೂ ತಪ್ಪಾದೀತು. ಅತ್ತೆಯನ್ನು ಕೇಳಿದರೆ ಹೊಗೆಯನ್ನು ಕಷ್ಟವೆಂದು ಅವರು ಹೇಳುತ್ತಲೇ ಇರಲಿಲ್ಲ. ಅವರವ್ವನೂ ಹಾಗೇ ಕೆಮ್ಮಿದ್ದಳು. ಹೊಗೆ ಪುಪ್ಪುಸವನ್ನು ತಿನ್ನುತ್ತದೆಂದು ಹೇಳಲು ಕಲಿತವರೇ ಬೇಕು. ರೊಟ್ಟಿ ಉಬ್ಬಬೇಕೆಂದು ಹೇಳಲು ಅತ್ತೆಯೇ ಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮಾಡಿದ ಒಲೆ ಮೂಲೆ ಸೇರುತ್ತದೆ, ಇಲ್ಲವೆ ಎದೆ ಸೇರುತ್ತದೆ.

ಹೀಗೆ ಕೂಡಿ ಕಲಿತದ್ದು ನಮ್ಮ ನಾಡಿನಲ್ಲೇ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಹಳ್ಳಿಗೆ ಒಗ್ಗುವ ತಂತ್ರವಿದ್ಯೆಗಾಗಿ ‘ಅಸ್ತ್ರ’ ಕೇಂದ್ರ ತೆರೆದರು. ತುಮಕೂರು ಜಿಲ್ಲೆಯ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಅವರು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ್ದು ಮೊದಲು ಅಡಿಗೆಗೆಂದೇ. ಎಲ್ಲ ಒಲೆಗಳಿಗೆ ಸಾಲುವಷ್ಟು ಸೆಗಣಿ ಬರಲಿಲ್ಲ, ಯೋಜನೆ ಸೋತಿತು. ಅವರು ಜನರನ್ನು ಬೈಯಲಿಲ್ಲ. ಊರಿಗೆ ಮೊದಲು ಬೇಕಾದದ್ದು ನೀರು ಎಂದು ತಿಳಿದು, 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗೆ ದೀಪ ಕೊಟ್ಟರು. ಸೆಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ, ಗೊಬ್ಬರಕ್ಕೆ ಬಗ್ಗಡ ವಾಪಸು. ಸೋಲನ್ನು ಒಪ್ಪಿಕೊಳ್ಳುವುದೂ ಒಂದು ವಿದ್ಯೆ.

ನಮ್ಮ ಭಾಗಕ್ಕೆ ಬಂದರೆ, ಗೊಳಸಂಗಿಯ ನೆರೆಯಲ್ಲೇ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರವಿದೆ. ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್. ಅದಕ್ಕೆ ನೀರು ಆಲಮಟ್ಟಿಯದು. ಕಟ್ಟಿದವರ ಜಾಣತನಕ್ಕೆ ಎರಡು ಮಾತಿಲ್ಲ. ಅದನ್ನು ಬೇಡವೆಂದು ರೈತರು ಬೀದಿಗಿಳಿದಾಗ, 2014ರ ಜುಲೈನಲ್ಲಿ, ಪೊಲೀಸರ ಗುಂಡು ಹಾರಿತು. ಆ ಸ್ಥಾವರದ ಕರೆಂಟು ನನ್ನ ಮಿಕ್ಸರಿಗೂ ಬರುತ್ತಿರಬಹುದು. ನಾನೂ ಕೈತೊಳೆದುಕೊಂಡು ಕೂಡುವ ಹಾಗಿಲ್ಲ. ಬಳಕೆ ನಮ್ಮದು, ಬೂದಿಯ ಭಯ ಇನ್ನೊಬ್ಬರದು ಎಂದಾದಾಗ ನ್ಯಾಯದ ಲೆಕ್ಕ ಯಾವ ಇಂಜಿನಿಯರಿಗೂ ಬಿಡುವಂಥದಲ್ಲ, ಮನೆಯ ಹೆಂಗಸಿಗೂ ಬಿಡುವಂಥದಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು ಅವಳು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಕೂಡಿಸಿದ ಬಳಗದಲ್ಲಿ ಅಂಬಿಗ, ಮಡಿವಾಳ, ಸಮಗಾರರ ಜೊತೆ ಅವಳಿಗೂ ಮಾತಿತ್ತು. ಅಕ್ಕಿ ಆಯುವವಳಿಗೆ ‘ಇದು ಹೆಚ್ಚಾಯಿತು’ ಎನ್ನುವ ಹಕ್ಕು ಇರುವ ಬಳಗವೇ ನನ್ನ ಸೊಸೆಗೆ ಬೇಕಾದದ್ದು.

ಹಾಗೆಂದೇ ಅವಳಿಗೆ ಹೇಳಿದೆ. ಸ್ವಲ್ಪ ಮುನಿಸಿಕೊಂಡಳು. ಹದಿನೈದು ದಿನ ಬಿಟ್ಟು ಗೊಳಸಂಗಿಗೆ ಹೋಗಿದ್ದಳಂತೆ. ಅತ್ತೆಯ ಮನೆಯಲ್ಲಿ ಈಗ ಸಿಲಿಂಡರ್ ಇದೆ; ಚಹಾ, ಪಲ್ಯ ಅದರ ಮೇಲೆ. ರೊಟ್ಟಿ ಮಾತ್ರ ಇನ್ನೂ ಮಣ್ಣಿನ ಒಲೆಯಲ್ಲೇ. ಅತ್ತೆ ಫೋನಿನಲ್ಲಿ ನಗುತ್ತ ಹೇಳಿದರು: “ಮೊಮ್ಮಗಳು ಮುಂಜಾನಿಂದ ಟೇಪ್ ಹಿಡಕೊಂಡು ನನ್ನ ಹಂಚ ಅಳ್ಯಾಕತ್ತಾಳ. ಮೊದಲ ರೊಟ್ಟಿ ಬಡ್ಯಾಕ ಕಲಿ, ಆಮ್ಯಾಲ ಅಳೀವಂತಿ ಅಂದೀನಿ.”