ಮೂಳೆ ಮತ್ತು ಮೊಳೆ

ಎರಡು ವಸ್ತುಗಳನ್ನು ಎಷ್ಟೇ ಬಿಗಿಯಾಗಿ ಜೋಡಿಸಿದರೂ ಆ ಜೋಡಣೆಗೆ ಒಂದು ಮಿತಿ ಇದ್ದೇ ಇರುತ್ತದೆ. ಮೆಕ್ಯಾನಿಕಲ್ ಓದಿದವರಿಗೆಲ್ಲ ಇದು ಗೊತ್ತು. ಮಿತಿ ಮೀರಿದಾಗ ಯಾವುದು ಮೊದಲು ಸೋಲಬೇಕು ಎಂಬುದನ್ನು ಮುಂಚೆಯೇ ಗೊತ್ತುಮಾಡುವುದು ವಿನ್ಯಾಸಕಾರನ ಕೆಲಸ. ಮನೆಯ ಫ್ಯೂಸ್ ತಂತಿ ಇರುವುದೇ ಸುಡಲಿಕ್ಕೆ. ಅದು ಸುಟ್ಟರೆ ಫ್ರಿಜ್ ಉಳಿಯುತ್ತದೆ. ಆದರೆ ಜೋಡಣೆಯ ಒಂದು ಬದಿಯಲ್ಲಿ ಲೋಹವೂ ಇನ್ನೊಂದು ಬದಿಯಲ್ಲಿ ಮನುಷ್ಯನ ಬೆನ್ನುಮೂಳೆಯೂ ಇದ್ದರೆ? ಆಗ ಫ್ಯೂಸ್ ಯಾರು?

ನಾನು ಈಗ ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಎಂಟೆಕ್‌ನಲ್ಲಿ ಕಲಿತ ಮಷಿನ್ ಡಿಸೈನ್ ಐರೋಲಿಯ ಆಫೀಸಿನಲ್ಲಿ ಯಾರಿಗೂ ಬೇಡ. ಆದರೆ ಮೂರು ವರ್ಷಗಳಿಂದ ನನ್ನ ತಂಡ ಇಂಪ್ಲಾಂಟ್ ತಯಾರಿಸುವ ಕಂಪನಿಯೊಂದರ ಪರೀಕ್ಷಾ ದಾಖಲೆಗಳನ್ನು ನಿಭಾಯಿಸುವ ವ್ಯವಸ್ಥೆ ಕಟ್ಟುತ್ತಿದೆ. ಹೀಗಾಗಿ ಪೆಡಿಕಲ್ ಸ್ಕ್ರೂ ಎಂಬ ಪುಟ್ಟ ವಸ್ತುವಿನ ಜಾತಕ ದಿನಾ ನನ್ನ ಕಣ್ಣೆದುರು ಹಾದುಹೋಗುತ್ತದೆ.

ಕಶೇರುವಿನ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಕಂಬದಂಥ ಮೂಳೆಯ ಭಾಗವಿದೆ. ಅದೇ ಪೆಡಿಕಲ್. ಅದರೊಳಗಿಂದ ಟೈಟಾನಿಯಂ ಸ್ಕ್ರೂ ತಿರುಗಿಸಿ, ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ತಲೆಗೆ ಸರಳೊಂದನ್ನು ಕೂರಿಸಿ ಬಿಗಿದರೆ ಎರಡು ಕಶೇರುಗಳು ಅಲುಗಾಡದೆ ನಿಂತು ಕ್ರಮೇಣ ಬೆಸೆದುಕೊಳ್ಳುತ್ತವೆ. ಹಿಂದೆ ಇದಕ್ಕಾಗಿ ಬೆನ್ನನ್ನು ಉದ್ದಕ್ಕೆ ಸೀಳಿ, ಸ್ನಾಯುಗಳನ್ನು ಮೂಳೆಯಿಂದ ಸರಿಸಬೇಕಿತ್ತು. ಈಗಿನ ‘ಚಿಕ್ಕ ಗಾಯ’ದ ವಿಧಾನದಲ್ಲಿ ಚರ್ಮದಲ್ಲಿ ಒಂದೆರಡು ಸೆಂಟಿಮೀಟರಿನ ಸೀಳುಗಳು ಸಾಕು. ಮೊದಲು ಸೂಜಿ, ಅದರೊಳಗಿಂದ ತೆಳುವಾದ ತಂತಿ, ಆ ತಂತಿಯ ಮೇಲೆ ಜಾರಿ ಇಳಿಯುವ ಟೊಳ್ಳು ಸ್ಕ್ರೂ. ಟೊಳ್ಳು ಎಂದರೆ ದುರ್ಬಲ ಎಂದು ನನಗೂ ಮೊದಲು ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿ: ನಾಲ್ಕು ಮಿಲಿಮೀಟರಿನ ದಂಡದೊಳಗೆ ಒಂದೂವರೆ ಮಿಲಿಮೀಟರಿನ ತೂತು ಕೊರೆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಕಡಿಮೆಯಾಗುವುದು ಶೇಕಡಾ 2ರಷ್ಟು ಮಾತ್ರ. ಬಿದಿರು ಇದನ್ನು ಎಂದೋ ಕಂಡುಕೊಂಡಿದೆ.

ನಿಜವಾದ ಬೆಲೆ ತೆರುವುದು ಬೇರೆ ಕಡೆ. ತೆರೆದ ಬೆನ್ನಿನಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದನ್ನು ಈಗ ಎಕ್ಸ್-ರೇ ಪರದೆಯ ಮೇಲೆ ನೋಡಬೇಕು. ರೋಗಿಗೆ ರಕ್ತ ಹೋಗುವುದು ಕಡಿಮೆ, ಮನೆಗೆ ಬರುವುದೂ ಬೇಗ; ದಿನಗೂಲಿಯವನಿಗೆ ಇದು ಸಣ್ಣ ಮಾತಲ್ಲ. ಆದರೆ ಅದೇ ಚಿಕ್ಕ ಗಾಯಕ್ಕಾಗಿ ದಿನವೂ ವಿಕಿರಣದ ಪಕ್ಕ ಸೀಸದ ಏಪ್ರನ್ ಹೊತ್ತು ನಿಲ್ಲುವವರು ಸರ್ಜನ್, ನರ್ಸ್ ಮತ್ತು ಸಿ-ಆರ್ಮ್ ಯಂತ್ರ ತಳ್ಳುವ ಹುಡುಗ. ಲೋಕಲ್ ಸ್ಟೇಷನ್ನುಗಳ ಆಸ್ಪತ್ರೆ ಜಾಹೀರಾತುಗಳಲ್ಲಿ ಆ ಹುಡುಗನ ಚಿತ್ರ ನಾನಂತೂ ನೋಡಿಲ್ಲ.

ಫ್ಯೂಸಿನ ಪ್ರಶ್ನೆಗೆ ಮರಳುತ್ತೇನೆ. ಸ್ಕ್ರೂ ತೆಳುವಾದರೆ ಅದೇ ಮುರಿಯುತ್ತದೆ. ತುಂಡು ಮೂಳೆಯೊಳಗೇ ಉಳಿದು, ತೆಗೆಯುವುದು ದೊಡ್ಡ ರಗಳೆಯಾಗುತ್ತದೆ. ದಪ್ಪವಾದರೆ ಪೆಡಿಕಲ್ ಸೀಳಬಹುದು; ಪಕ್ಕದಲ್ಲೇ ನರವಿದೆ. ಟೊಳ್ಳಾದ ಮುದಿ ಮೂಳೆಯಲ್ಲಿ ಹಿಡಿತ ಸಾಲದೆಂದು ಸ್ಕ್ರೂವಿನ ಸುತ್ತ ಸಿಮೆಂಟ್ ತುಂಬಿಸುತ್ತಾರೆ. ಹಿಡಿತವೇನೋ ಬರುತ್ತದೆ, ಆದರೆ ಸಿಮೆಂಟ್ ರಕ್ತನಾಳಕ್ಕೆ ಸೋರಿ ಶ್ವಾಸಕೋಶದವರೆಗೂ ಹೋಗುವ ಅಪಾಯವಿದೆ. ಮುಂದೆ ಸೋಂಕಾಗಿ ಸ್ಕ್ರೂ ತೆಗೆಯಬೇಕಾಗಿ ಬಂದರೆ ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಹಾಸಿಗೆಯ ಹಾಗೆ.

ಇದನ್ನೆಲ್ಲ ಪರೀಕ್ಷಿಸುವುದು ಮನುಷ್ಯರ ಮೇಲಲ್ಲ. ಸ್ಕ್ರೂವಿನ ಹಿಡಿತ ಅಳೆಯಲು ಪಾಲಿಯುರೆಥೇನ್ ನೊರೆಯ ಇಟ್ಟಿಗೆಗಳಿವೆ. ಅವು ಸಾಂದ್ರತೆಗೆ ತಕ್ಕಂತೆ ನಂಬರು ಹೊತ್ತು ಬರುತ್ತವೆ. 15ನೇ ನಂಬರಿನದು ಘನ ಸೆಂಟಿಮೀಟರಿಗೆ ಸುಮಾರು 0.24 ಗ್ರಾಂ. ಪೂರ್ತಿ ಜೋಡಣೆಯನ್ನು ಪ್ಲಾಸ್ಟಿಕ್ ದಿಮ್ಮಿಗಳಿಗೆ ಸಿಕ್ಕಿಸಿ 50 ಲಕ್ಷ ಸಲ ಬಗ್ಗಿಸುತ್ತಾರೆ. ಸೆಕೆಂಡಿಗೆ ಐದರಂತೆ ಬಗ್ಗಿಸಿದರೆ ಹನ್ನೊಂದೂವರೆ ದಿನ. ಅಷ್ಟು ತಡೆದುಕೊಂಡರೆ ಪಾಸು. ಅಷ್ಟರೊಳಗೆ ಮೂಳೆ ಬೆಸೆದುಕೊಂಡು ಭಾರವನ್ನು ತಾನೇ ಹೊರುತ್ತದೆ ಎಂಬುದು ಇದರ ಹಿಂದಿರುವ ನಂಬಿಕೆ. ಬೆಸೆಯದೇ ಹೋದರೆ ಯಾವ ಲೋಹವೂ ಕೊನೆಗೆ ದಣಿಯುತ್ತದೆ.

ನನ್ನನ್ನು ಕಾಡುವುದು ಈ ದಾಖಲೆಗಳಲ್ಲಿ ಬರುವ ಒಂದು ಪದ: ‘ಒಪ್ಪಬಹುದಾದ ಅಪಾಯ’. ಐಎಸ್‌ಒ 14971 ಎಂಬ ಮಾನದಂಡದ ಪ್ರಕಾರ ಪ್ರತಿ ಅಪಾಯಕ್ಕೂ ತೀವ್ರತೆ ಎಷ್ಟು, ಸಾಧ್ಯತೆ ಎಷ್ಟು ಎಂದು ಬರೆದು ಉಳಿದ ಅಪಾಯ ಒಪ್ಪಬಹುದೇ ಎಂದು ತೀರ್ಮಾನಿಸಬೇಕು. ಒಪ್ಪುವವರು ಯಾರು? ಕಾನ್ಫರೆನ್ಸ್ ರೂಮಿನಲ್ಲಿ ಕೂತ ಐದಾರು ಜನ. ಇವರನ್ನು ಬೈಯಲಾರೆ. ಸರಾಸರಿ ಲೆಕ್ಕವಿಲ್ಲದೆ ಯಾವ ಔಷಧವೂ ಯಾವ ಸೇತುವೆಯೂ ಆಗುವುದಿಲ್ಲ. ಆದರೆ ಸಾವಿರದಲ್ಲಿ ಒಂದು ಎಂದು ಬರೆಯುವಾಗ, ಆ ಒಬ್ಬನ ಪಾಲಿಗೆ ಅದು ಒಂದಕ್ಕೆ ಒಂದು.

ವಿನ್ಯಾಸದಲ್ಲೇ ಇರುವ ನನ್ನ ಎಂಟೆಕ್ ಗೆಳೆಯನೊಬ್ಬನ ಜೊತೆ ಈ ವಿಷಯಕ್ಕೆ ಜಗಳವೇ ಆಗುತ್ತದೆ. ನನ್ನ ವಾದ ಇಷ್ಟು: ಸೋಲು ತಪ್ಪಿಸಲಾಗದಿದ್ದರೆ, ಬೇಗ ತಿಳಿಯುವ ಮತ್ತು ಸರಿಪಡಿಸಬಹುದಾದ ಸೋಲನ್ನೇ ಆರಿಸಿಕೊಳ್ಳಬೇಕು. ಸಡಿಲಾಗಿ ನೋವು ಕೊಡುವ ಸ್ಕ್ರೂ, ಸದ್ದಿಲ್ಲದೆ ಮೂಳೆ ಒಡೆಯುವ ಸ್ಕ್ರೂಗಿಂತ ಮೇಲು. ಅವನು ನಗುತ್ತಾನೆ. “ಮಾರಾಯ, ನಿನ್ನದು ಸಾಫ್ಟ್‌ವೇರ್ ಬುದ್ಧಿ. ಹಾಳಾದರೆ ಹಳೇ ವರ್ಷನ್ ಹಾಕುತ್ತೀ. ನೂರರಲ್ಲಿ ಹೆಚ್ಚಿನವರು ಸ್ಕ್ರೂ ತೆಗೆಸುವುದೇ ಇಲ್ಲ. ಕೆಲವರಿಗಾಗಿ ಎಲ್ಲರ ಹಿಡಿತ ಕಡಿಮೆ ಮಾಡಲಾ?” ಎಪ್ಪತ್ತೈದು ದಾಟಿದ, ಮೂಳೆ ಸವೆದ ಅಜ್ಜಿಯ ವಿಷಯದಲ್ಲಿ ಅವನದೇ ಸರಿ. ಅವರಿಗೆ ಬೇಕಿರುವುದು ನಾಳೆ ಬಚ್ಚಲಿಗೆ ನಡೆದುಹೋಗುವ ಧೈರ್ಯ, ಇಪ್ಪತ್ತು ವರ್ಷದ ನಂತರದ ಸೌಲಭ್ಯವಲ್ಲ. ಮೂವತ್ತರ ಹಮಾಲನಿಗೆ ಮಾತ್ರ ನನ್ನ ವಾದವನ್ನು ಬಿಟ್ಟುಕೊಡಲಾರೆ. ಅಂದರೆ ಒಂದೇ ಸ್ಕ್ರೂ ಎಲ್ಲರಿಗೂ ಆಗುವುದಿಲ್ಲ. ಹಲವು ಬಗೆ ಮಾಡಿದರೆ ಬೆಲೆ ಏರುತ್ತದೆ. ಏರಿದರೆ ಹಮಾಲನಿಗೇ ಸಿಗುವುದಿಲ್ಲ. ನಮ್ಮ ಜಗಳ ಇಲ್ಲಿಗೆ ಬಂದು ನಿಲ್ಲುತ್ತದೆ, ಚಹಾ ಬರುತ್ತದೆ.

ಪವಾಯಿಯ ಐಐಟಿಯಲ್ಲಿ 2014ರಲ್ಲಿ ಶುರುವಾದ ‘ಬೆಟಿಕ್’ ಕೇಂದ್ರದ ರೀತಿ ಈ ಕಾರಣಕ್ಕೆ ನನಗೆ ಇಷ್ಟ. ಅಲ್ಲಿ ವೈದ್ಯರೂ ಎಂಜಿನಿಯರರೂ ಒಟ್ಟಿಗೆ ಕೂತು, ಇಲ್ಲಿನ ಆಸ್ಪತ್ರೆಗಳ ತೊಂದರೆಯಿಂದ ಕೆಲಸ ಶುರುಮಾಡುತ್ತಾರೆ. ಅದನ್ನು ಕಟ್ಟಿದ ಪ್ರೊ. ಬಿ. ರವಿ 2023ರಲ್ಲಿ ನಮ್ಮ ಸುರತ್ಕಲ್‌ನ ಎನ್‌ಐಟಿಕೆಗೆ ನಿರ್ದೇಶಕರಾಗಿ ಹೋದರು. ಭಾರತೀಯರ ಪೆಡಿಕಲ್ ಪಾಶ್ಚಾತ್ಯರದಕ್ಕಿಂತ ಸಣ್ಣದೆಂದು ಇಲ್ಲಿನ ವೈದ್ಯರು ಅಳತೆ ಮಾಡಿ ಬರೆದಿದ್ದಾರೆ. ಹೊರಗಿನ ಅಳತೆಯ ಅಂಗಿಯನ್ನು ಮಡಚಿ ಹೊಲಿದು ಹಾಕಿಕೊಳ್ಳಬಹುದು, ಸ್ಕ್ರೂವನ್ನು ಆಗುವುದಿಲ್ಲ.

ಸೋಲು ಆದಮೇಲಿನ ಹೊಣೆ ಇನ್ನೂ ಕಠಿಣ. ಬೆನ್ನಿನದಲ್ಲದಿದ್ದರೂ ಸೊಂಟದ ಕೀಲಿನ ಪ್ರಕರಣ ಮುಂಬೈಯವರಿಗೆ ನೆನಪಿರಬೇಕು. ಡೀಪ್ಯೂ ಕಂಪನಿ ತನ್ನ ಎಎಸ್‌ಆರ್ ಎಂಬ ಕೃತಕ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಭಾರತದಲ್ಲಿ ಅದನ್ನು ಹಾಕಿದ ಶಸ್ತ್ರಚಿಕಿತ್ಸೆಗಳು ಸುಮಾರು 4,700. ಕೇಂದ್ರದ ತಜ್ಞರ ಸಮಿತಿ ಲೆಕ್ಕ ಕೇಳಿದಾಗ 3,600ಕ್ಕೂ ಹೆಚ್ಚು ರೋಗಿಗಳ ಸುಳಿವೇ ಇರಲಿಲ್ಲ. ಒಳಗಿರುವ ಲೋಹಕ್ಕೆ ಬ್ಯಾಚ್ ನಂಬರಿತ್ತು, ಹೊತ್ತು ತಿರುಗುತ್ತಿದ್ದವರಿಗೆ ವಿಳಾಸವಿರಲಿಲ್ಲ. ಬಾಡಿಗೆ ಚಾಳಿನಿಂದ ಚಾಳಿಗೆ ಹೋಗುತ್ತ ಬದುಕುವ ನಮ್ಮಂಥ ವಲಸಿಗರ ಊರಿನಲ್ಲಿ, ರೋಗಿಯನ್ನು ಮತ್ತೆ ಹುಡುಕುವ ವ್ಯವಸ್ಥೆಯೂ ವಿನ್ಯಾಸದ ಭಾಗವೇ ಆಗಬೇಕು, ದಾರಗಳ ಆಳದಷ್ಟೇ ಮುಖ್ಯವಾಗಿ.

ನನ್ನ ದೊಡ್ಡಪ್ಪನ ಬೆನ್ನಲ್ಲೂ ಇಂಥ ನಾಲ್ಕು ಸ್ಕ್ರೂಗಳಿವೆ. ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮೂವತ್ತೈದು ವರ್ಷ ಹಿಟ್ಟಿನ ಪಾತ್ರೆ ಎತ್ತಿದ ಬೆನ್ನು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅವರು ಕನ್ನಡದಲ್ಲಿ ಸಹಿ ಹಾಕಿದರು. ಸ್ಕ್ರೂಗಳ ನಂಬರಿನ ಸ್ಟಿಕ್ಕರುಗಳಿದ್ದ ಡಿಸ್ಚಾರ್ಜ್ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟಿದ್ದಾರೆ. ನನ್ನ ಈ ಸಿದ್ಧಾಂತಗಳನ್ನೆಲ್ಲ ಒಮ್ಮೆ ಅವರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಮಗಾ, ನನ್ನನ್ನು ಸುಟ್ಟ ಮೇಲೆ ಅವು ಏನಾಗ್ತವೆ?” ಎಂದರು.

ಟೈಟಾನಿಯಂ ಕರಗಲು 1,600 ಡಿಗ್ರಿಗೂ ಹೆಚ್ಚು ಶಾಖ ಬೇಕು, ಕಟ್ಟಿಗೆಯ ಚಿತೆಗೆ ಅಷ್ಟು ಶಕ್ತಿಯಿಲ್ಲ, ಬೂದಿಯಲ್ಲಿ ಹಾಗೇ ಇರುತ್ತವೆ ಎಂದೆ.

“ಹಾಗಾದರೆ ನೀನೇ ಹೆಕ್ಕಿ ತೆಗೆ. ಹೊಳೆಗೆ ಬಿಡಬೇಡ, ಯಾರದಾದರೂ ಕಾಲಿಗೆ ಚುಚ್ಚೀತು.”