ಗೆಲುವಿನ ದಿನ ಹೊರಗುಳಿದವರು

ಯುದ್ಧದ ಚರಿತ್ರೆ ಬರೆಯುವವರಿಗೆ ‘ನಿರ್ಣಾಯಕ ಘಟ್ಟ’ ಎಂಬ ಮಾತಿನ ಮೇಲೆ ಬಹಳ ಮೋಹ. ಅಮೆರಿಕದ ಸ್ವಾತಂತ್ರ್ಯ ಸಮರವನ್ನೇ ತೆಗೆದುಕೊಳ್ಳಿ. 1776ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ವಾಷಿಂಗ್ಟನ್ ಡೆಲವೇರ್ ನದಿ ದಾಟಿ ಟ್ರೆಂಟನ್ನಿನ ಮೇಲೆ ಬಿದ್ದದ್ದು. ಮರುವರ್ಷ ಸರಟೋಗದಲ್ಲಿ ಬರ್ಗಾಯಿನ್ ಶರಣಾದದ್ದು, ಅದನ್ನು ಕಂಡು 1778ರಲ್ಲಿ ಫ್ರಾನ್ಸ್ ಬಹಿರಂಗವಾಗಿ ಕೈಜೋಡಿಸಿದ್ದು. ಕೊನೆಗೆ 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಆಯುಧ ಕೆಳಗಿಟ್ಟದ್ದು. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ದಾರಿ ತಿರುಗಿತು ಎನ್ನುವಾಗ, ಯಾರ ದಾರಿ ಎಂದು ಕೇಳುವ ಅಭ್ಯಾಸ ನಮಗೆ ಕಡಿಮೆ.

ಕಾರ್ನ್‌ವಾಲಿಸ್ ನಮಗೆ ಅಪರಿಚಿತನಲ್ಲ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು ಇವನೇ. ಅದಕ್ಕೆ ಹನ್ನೊಂದು ವರ್ಷ ಹಿಂದೆ, ವರ್ಜೀನಿಯದಲ್ಲಿ, ತಾನೇ ಮುತ್ತಿಗೆಯೊಳಗೆ ಸಿಕ್ಕಿಕೊಂಡಿದ್ದ. ಅವನ ದಂಡಿನ ಜೊತೆಗೆ ತೋಟಗಳಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಗುಲಾಮರಿದ್ದರು. ಬಂಡಾಯಗಾರರ ಗುಲಾಮರು ನಮ್ಮ ಕಡೆ ಬಂದರೆ ಬಿಡುಗಡೆ ಎಂದು 1775ರಲ್ಲಿಯೇ ಲಾರ್ಡ್ ಡನ್ಮೋರ್ ಸಾರಿದ್ದ. ನ್ಯಾಯದ ಮೇಲಿನ ಪ್ರೀತಿಯಿಂದಲ್ಲ. ಶತ್ರುವಿನ ಮನೆ ಮುರಿಯುವುದಕ್ಕೆ. ಡನ್ಮೋರನೇ ಗುಲಾಮರ ಒಡೆಯ.

ನಂಬಿ ಬಂದವರು ಯಾರ್ಕ್‌ಟೌನಿನಲ್ಲಿ ಮಣ್ಣು ಅಗೆದರು, ಕೋಟೆ ಕಟ್ಟಿದರು. ಸಿಡುಬು ಹಬ್ಬಿತು, ಧಾನ್ಯ ಮುಗಿಯುತ್ತ ಬಂತು. ಆಗ ಕಾರ್ನ್‌ವಾಲಿಸನ ಸೈನ್ಯ ಅವರನ್ನು ಪಾಳೆಯದಿಂದ ಹೊರಕ್ಕೆ ಅಟ್ಟಿತು. ಅಟ್ಟಿದವರ ಪೈಕಿ ಒಬ್ಬನಾದ ಜರ್ಮನ್ ಅಧಿಕಾರಿ ಎವಾಲ್ಡ್ ಅದನ್ನು ತನ್ನ ದಿನಚರಿಯಲ್ಲಿ ನೋವಿನಿಂದ ಬರೆದುಕೊಂಡಿದ್ದಾನೆ. ಗೆದ್ದ ಪಕ್ಷದ ಸಾಮಾನ್ಯ ಸಿಪಾಯಿ ಜೋಸೆಫ್ ಮಾರ್ಟಿನ್ ಕಾಡಿನಲ್ಲಿ ಅವರ ಹೆಣಗಳನ್ನು ಕಂಡ. ಕೆಲವರ ಕೈಯಲ್ಲಿ, ಬಾಯಲ್ಲಿ ಸುಟ್ಟ ಮುಸುಕಿನ ಜೋಳದ ತೆನೆ ಹಾಗೆಯೇ ಇತ್ತಂತೆ. ಯುದ್ಧದ ಇತಿಹಾಸದಲ್ಲಿ ಫಿರಂಗಿಗಳ ಲೆಕ್ಕ ನೆನಪಿನಲ್ಲಿ ಉಳಿಯದ ನನಗೆ ಈ ತೆನೆ ಮರೆಯುವುದಿಲ್ಲ.

ಬದುಕಿ ಉಳಿದವರ ಪಾಡೇನು? ಶರಣಾಗತಿಯ ನಾಲ್ಕನೆಯ ಕಲಮು, ಈ ರಾಜ್ಯಗಳ ನಿವಾಸಿಗಳಿಗೆ ಸೇರಿದ ‘ಸ್ವತ್ತು’ ಸೋತವರ ವಶದಲ್ಲಿದ್ದರೆ ಅದನ್ನು ಮರಳಿ ಪಡೆಯಬಹುದು ಎಂದಿತು. ಸ್ವತ್ತು ಎಂದರೆ ಯಾರು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲವೇ ದಿನಗಳಲ್ಲಿ ವಾಷಿಂಗ್ಟನ್ನನ ಆಜ್ಞೆಯಂತೆ ಓಡಿಬಂದವರನ್ನು ಹುಡುಕಿ ಹಿಡಿಯುವ ಕೆಲಸ ಆರಂಭವಾಯಿತು. ಸಿಕ್ಕವರಲ್ಲಿ ಅವನ ಸ್ವಂತ ಜಮೀನಿನವರೂ ಇದ್ದರು.

ಅದು ಕಾಲಧರ್ಮ, ಇಂದಿನ ಕೋಲಿನಿಂದ ಅಂದಿನವರನ್ನು ಅಳೆಯಬಾರದು ಎಂದು ಹೇಳುವವರುಂಟು. ನಾನು ಒಪ್ಪಲಾರೆ. ಅಂದಿನ ಕೋಲೇ ಸಾಕು. ವಾಷಿಂಗ್ಟನ್ನನ ಆಪ್ತ ಅಧಿಕಾರಿ ಜಾನ್ ಲಾರೆನ್ಸ್, ಗುಲಾಮರ ವ್ಯಾಪಾರದಲ್ಲಿ ಹಣ ಮಾಡಿದ ತಂದೆಯ ಮಗ, ಗುಲಾಮರ ದಳಗಳನ್ನು ಕಟ್ಟಿ ಅವರಿಗೆ ಬಿಡುಗಡೆ ಕೊಡಬೇಕೆಂದು ವರ್ಷಗಟ್ಟಲೆ ವಾದಿಸಿದ. 1779ರಲ್ಲಿ ಕಾಂಗ್ರೆಸ್ಸು ಅದನ್ನು ಶಿಫಾರಸು ಮಾಡಿತು. ದಕ್ಷಿಣ ಕೆರೊಲಿನದ ಶಾಸನಸಭೆ ತಳ್ಳಿಹಾಕಿತು. ತಿಳಿಯದೆ ಮಾಡಿದ ತಪ್ಪಲ್ಲ, ತಿಳಿಸಿದವರಿದ್ದರು. ವಿಚಿತ್ರವೆಂದರೆ ಯಾರ್ಕ್‌ಟೌನಿನ ಕರಾರನ್ನು ಅಮೆರಿಕದ ಪರವಾಗಿ ಕುಳಿತು ಗೊತ್ತುಮಾಡಿದವನೂ ಇದೇ ಲಾರೆನ್ಸ್.

ಹಾಗಾದರೆ ಆ ಗೆಲುವೇ ಸುಳ್ಳೆ? ಹಾಗೆಂದು ಬಿಡುವುದು ಸುಲಭ. ಅದೂ ಒಂದು ಬಗೆಯ ಸೋಮಾರಿತನ. 1776ರ ಘೋಷಣೆ ಹೇಳಿದ ಮಾತು ಆಡಿದವರ ಕೈಯಲ್ಲೇ ಉಳಿಯಲಿಲ್ಲ. ಮರು ಜನವರಿಯಲ್ಲಿಯೇ ಮ್ಯಾಸಚೂಸೆಟ್ಸಿನ ಗುಲಾಮರು ಅದೇ ತರ್ಕ ಹಿಡಿದು ಶಾಸನಸಭೆಗೆ ಅರ್ಜಿ ಕೊಟ್ಟರು. ಗೆಲುವು ನಿಜ, ಆದರೆ ಅದಕ್ಕೆ ನಾವು ಕೊಡುವ ಗೌರವದಲ್ಲಿ ಆ ಕಾಡಿನ ಹೆಣಗಳ ಲೆಕ್ಕವೂ ಸೇರಿರಬೇಕೆಂಬುದು ನನ್ನ ಹಟ.

1783ರಲ್ಲಿ ಬ್ರಿಟಿಷರು ನ್ಯೂಯಾರ್ಕ್ ಬಿಡುವಾಗ, ಓಡಿಬಂದವರನ್ನು ಒಪ್ಪಿಸಿ ಎಂದು ವಾಷಿಂಗ್ಟನ್ ಕೇಳಿದ. ಸೇನಾಪತಿ ಕಾರ್ಲ್‌ಟನ್ ಕೊಟ್ಟ ಮಾತಿಗೆ ತಪ್ಪಲಾರೆನೆಂದು, ಸುಮಾರು 3,000 ಜನರ ಹೆಸರು ಬರೆಸಿ ಹಡಗು ಹತ್ತಿಸಿದ. ಆ ದಫ್ತರಿನಲ್ಲಿ ಹ್ಯಾರಿ ವಾಷಿಂಗ್ಟನ್ ಎಂಬವನೊಬ್ಬನಿದ್ದಾನೆ. ಜನರಲ್ ವಾಷಿಂಗ್ಟನ್ನನ ಬಳಿಯಿಂದ ಏಳು ವರ್ಷದ ಹಿಂದೆ ಬಂದವನು ಎಂದು ನಮೂದಾಗಿದೆ. ಅವನು ನೋವಾ ಸ್ಕೋಷಿಯಕ್ಕೆ, ಅಲ್ಲಿಂದ ಆಫ್ರಿಕದ ಸಿಯೆರ ಲಿಯೋನಿಗೆ ಹೋದ. ಅಲ್ಲಿನ ಇಂಗ್ಲಿಷ್ ಕಂಪನಿ ನೆಲದ ಮೇಲೆ ಕಂದಾಯ ಹೇರಿದಾಗ 1800ರಲ್ಲಿ ದಂಗೆಯೆದ್ದವರ ಜೊತೆ ಸೇರಿ ಗಡಿಪಾರಾದ.